ನೂರು ಮಂಜೊಟ್ಟಿ, ಐವತ್ತು ಮಕ್ಕಳು: ಇಂಗಾಲದ ಹೊಣೆ ಯಾರದ್ದು ಅಂತ ಕ್ಲಾಸಿನಲ್ಲಿ ಕಲಿಸುವುದು ಹೇಗೆ?

ಹೈಸ್ಕೂಲ್ ಟೀಚರುಗಳಿಂದ ಪದೇ ಪದೇ ಬರುವ ಪ್ರಶ್ನೆ ಇದು. ಹವಾಮಾನ ಬದಲಾವಣೆಯ ಪಾಠ ಹೇಗೋ ಮುಗಿಯುತ್ತದೆ. ಆದರೆ "ಇಷ್ಟು ಹೊಗೆ ಬಿಟ್ಟದ್ದು ಯಾರು ಟೀಚರ್, ಸರಿಮಾಡಬೇಕಾದವರು ಯಾರು" ಅಂತ ಮಕ್ಕಳು ಕೇಳಿದರೆ ಎಂತ ಹೇಳುವುದು? ಒಬ್ಬ ಚೀನಾ ಅನ್ನುತ್ತಾನೆ, ಇನ್ನೊಬ್ಬಳು ಅಮೆರಿಕ ಅನ್ನುತ್ತಾಳೆ, ಹಿಂದಿನ ಬೆಂಚಿನವನು "ಜನ ಜಾಸ್ತಿ ಆದದ್ದೇ ಕಾರಣ" ಅಂತ ಮುಗಿಸಿಬಿಡುತ್ತಾನೆ. ಟೀಚರಿಗೆ ಮಂಡೆಬಿಸಿ.

ನಾನು ಹೇಳುವುದು ಇಷ್ಟೇ. ತೀರ್ಪು ನೀವು ಕೊಡಬೇಡಿ. ಒಂದೇ ಹೊಗೆಯನ್ನು ನಾಲ್ಕು ಥರ ಲೆಕ್ಕ ಹಾಕಬಹುದು, ಒಂದೊಂದು ಲೆಕ್ಕಕ್ಕೂ ಬೇರೆ ಬೇರೆ ದೇಶ ಮೇಲೆ ಬರುತ್ತದೆ. ಆ ನಾಲ್ಕನ್ನೂ ಮಕ್ಕಳ ಕೈಯಲ್ಲೇ ಮಾಡಿಸಿ, ಆಮೇಲೆ ವಾದ ಮಾಡಲು ಬಿಡಿ. 8ರಿಂದ 10ನೇ ಕ್ಲಾಸಿಗೆ ಇದು ಹೊಂದುತ್ತದೆ, ಪಿಯುಸಿಯವರಿಗೂ ನಡೆಯುತ್ತದೆ.

ಏನೇನು ಬೇಕು

ನೂರು ಮಂಜೊಟ್ಟಿ ಕಾಯಿ. ಅಜ್ಜಿ ಮನೆಯ ಚೆನ್ನೆಮಣೆಯ ಜೊತೆ ಇರುತ್ತದಲ್ಲ, ಅದೇ. ಸಿಗದಿದ್ದರೆ ಹುಣಸೆ ಬೀಜ ಸಾಕು. ಪ್ರಪಂಚದ ಭೂಪಟ, ಚಾಕ್, ಒಂದು ಸ್ಟೀಲ್ ಬಟ್ಟಲು. ಮಕ್ಕಳ ಮನೆಯ ಒಂದು ಮೆಸ್ಕಾಂ ಬಿಲ್. ಐದು ಪೀರಿಯಡ್ ಸಮಯ, ಆದಷ್ಟು ಒಂದೇ ವಾರದಲ್ಲಿ. ಜೂನ್-ಜುಲೈನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ ಮಾರಾಯ್ರೆ, ಮಳೆಗೆ ಎರಡು ದಿನ ರಜೆ ಘೋಷಣೆಯಾದರೆ ಕೊಂಡಿ ತಪ್ಪಿಹೋಗುತ್ತದೆ. ನವೆಂಬರ್ ಒಳ್ಳೆಯದು, ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಹೆಚ್ಚಾಗಿ ಅದೇ ಹೊತ್ತಿಗೆ ನಡೆಯುವುದರಿಂದ ಪೇಪರಿನಲ್ಲೂ ಸುದ್ದಿ ಇರುತ್ತದೆ.

ಹಂತ 1: ಮೊದಲು ಪದಗಳನ್ನು ಸರಿಮಾಡಿ

ಅರ್ಧ ಪೀರಿಯಡ್ ಸಾಕು, ಆದರೆ ಬಿಡಬೇಡಿ. ಮುಂದಿನ ಗೊಂದಲ ಎಲ್ಲ ಇಲ್ಲಿಂದಲೇ ಹುಟ್ಟುವುದು.

ಹೊರಸೂಸುವಿಕೆ ಅಂದರೆ ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್ ಸುಟ್ಟಾಗ ಗಾಳಿಗೆ ಸೇರುವ ಅನಿಲ. ಇಲ್ಲಿ ನಾವು ಲೆಕ್ಕ ಹಾಕುವುದು ಕಾರ್ಬನ್ ಡೈಆಕ್ಸೈಡನ್ನು ಮಾತ್ರ. ಗದ್ದೆಯಿಂದ, ದನಗಳಿಂದ ಬರುವ ಮೀಥೇನ್ ಬೇರೆ ಅನಿಲ, ಅದನ್ನು ಈ ಆಟಕ್ಕೆ ಎಳೆದು ತರಬೇಡಿ.

ಪಿಪಿಎಂ ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಅಂತ. ಕೈಗಾರಿಕೆಗಳು ಬರುವ ಮೊದಲು ಕಾರ್ಬನ್ ಡೈಆಕ್ಸೈಡ್ ಸುಮಾರು 280 ಪಿಪಿಎಂ ಇತ್ತು, ಈಗ 420 ದಾಟಿದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ.

ಒಂದು ಟನ್ ಅನಿಲ ಅಂದರೆ ಎಷ್ಟು ಅಂತ ಮಕ್ಕಳಿಗೆ ಅಂದಾಜು ಸಿಗುವುದಿಲ್ಲ. ಕ್ಲಾಸ್‌ರೂಮನ್ನೇ ಅಳೆಯಿಸಿ. ಉದ್ದ ಏಳೂವರೆ ಮೀಟರ್, ಅಗಲ ಆರು, ಎತ್ತರ ಮೂರು ಚಿಲ್ಲರೆ ಇದ್ದರೆ ಸುಮಾರು 150 ಘನ ಮೀಟರ್ ಆಯಿತು. ಒಂದು ಟನ್ ಕಾರ್ಬನ್ ಡೈಆಕ್ಸೈಡ್ 550 ಘನ ಮೀಟರ್ ಜಾಗ ತುಂಬುತ್ತದೆ, ಅಂದರೆ ಇಂಥ ಮೂರೂವರೆಯಿಂದ ನಾಲ್ಕು ಕ್ಲಾಸ್‌ರೂಮ್. ಇಡೀ ಜಗತ್ತು ಒಂದು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್.

ಎಚ್ಚರ: ಕೆಲವು ಕಡೆ ಲೆಕ್ಕ ಬರೀ ಇಂಗಾಲದ್ದು ಇರುತ್ತದೆ, ಕೆಲವು ಕಡೆ ಕಾರ್ಬನ್ ಡೈಆಕ್ಸೈಡಿನದ್ದು. ಒಂದು ಟನ್ ಇಂಗಾಲ ಸುಟ್ಟರೆ 3.67 ಟನ್ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಯಾಕೆಂದರೆ ಗಾಳಿಯ ಆಕ್ಸಿಜನ್ ತೂಕವೂ ಸೇರುತ್ತದೆ. ನೆಟ್‌ನಲ್ಲಿ ಸಿಕ್ಕ ಎರಡು ಅಂಕಿ ತಾಳೆಯಾಗದಿದ್ದರೆ ಮೊದಲು ಇದನ್ನೇ ನೋಡಿ. ಇನ್ನೊಂದು, ಓಝೋನ್ ರಂಧ್ರಕ್ಕೂ ಇದಕ್ಕೂ ಗಂಟು ಹಾಕುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅದು ಬೇರೆ, ಇದು ಬೇರೆ ಅಂತ ಬೋರ್ಡಿನಲ್ಲೇ ಬರೆದುಬಿಡಿ.

ಹಂತ 2: ಮೊದಲ ಲೆಕ್ಕ, ಈ ವರ್ಷ ಯಾರದ್ದು ಎಷ್ಟು

ಐವತ್ತು ಮಕ್ಕಳನ್ನು ಜಗತ್ತಿನ ಜನಸಂಖ್ಯೆಯ ಪಾಲಿನಂತೆ ಗುಂಪು ಮಾಡಿ. ಭಾರತ 9, ಚೀನಾ 9, ಅಮೆರಿಕ 2, ಯುರೋಪ್ ಒಕ್ಕೂಟ 3, ಉಳಿದವರೆಲ್ಲ 27. ಕ್ಲಾಸಿನಲ್ಲಿ ಅಷ್ಟು ಮಕ್ಕಳಿಲ್ಲದಿದ್ದರೆ ಪಕ್ಕದ ಸೆಕ್ಷನ್ ಸೇರಿಸಿಕೊಳ್ಳಿ, ಇಲ್ಲವೇ ನೆಲದ ಮೇಲೆ ಚಾಕಿನಲ್ಲಿ ಐವತ್ತು ವೃತ್ತ ಬರೆಯಿರಿ.

ಈಗ ನೂರು ಮಂಜೊಟ್ಟಿ ಹಂಚಿ. ಈ ವರ್ಷದ ಹೊಗೆ ನೂರು ಪಾಲಾದರೆ ಚೀನಾಕ್ಕೆ 32, ಅಮೆರಿಕಕ್ಕೆ 13, ಭಾರತಕ್ಕೆ 8, ಯುರೋಪ್ ಒಕ್ಕೂಟಕ್ಕೆ 7, ಉಳಿದ ದೇಶಗಳಿಗೆ 37. ಇವು ಅಂದಾಜಿನ ಪೂರ್ಣಾಂಕಗಳು, ವರ್ಷದಿಂದ ವರ್ಷಕ್ಕೆ ಒಂದೆರಡು ಆಚೀಚೆ ಆಗುತ್ತವೆ.

ಕೂಡಿಸಿದರೆ 97. ಮೂರು ಉಳಿಯಿತು. ಅದನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಟಣ್ ಅಂತ ಸದ್ದು ಬರುವ ಹಾಗೆ ಮೇಜಿನ ಮೇಲೆ ಇಡಿ. ಯಾರದ್ದು ಅಂತ ಈಗಲೇ ಹೇಳಬೇಡಿ, ಮೂರು ದಿನ ಹಾಗೇ ಇರಲಿ.

ಈ ಹಂತದಲ್ಲಿ ಚೀನಾ ಗುಂಪಿಗೆ ಎಲ್ಲರೂ ಬೈಯುತ್ತಾರೆ. ಬೈಯಲಿ.

ಹಂತ 3: ಎರಡನೇ ಲೆಕ್ಕ, ತಲೆಗೆ ಎಷ್ಟು

ಪ್ರತಿ ಗುಂಪೂ ತನ್ನ ಮಂಜೊಟ್ಟಿಯನ್ನು ತನ್ನೊಳಗೇ ಸಮನಾಗಿ ಹಂಚಿಕೊಳ್ಳಲಿ. ಅಮೆರಿಕದ ಇಬ್ಬರಿಗೆ ತಲಾ ಆರೂವರೆ. ಚೀನಾದವರಿಗೆ ಮೂರೂವರೆ. ಯುರೋಪಿನವರಿಗೆ ಎರಡು ಚಿಲ್ಲರೆ. ಭಾರತದ ಒಂಬತ್ತು ಮಕ್ಕಳಿಗೆ ಎಂಟೇ ಕಾಯಿ, ಒಬ್ಬನಿಗೆ ಏನೂ ಸಿಗುವುದಿಲ್ಲ. ಕೈ ಖಾಲಿ ಇರುವ ಆ ಮಗುವೇ ಪಾಠದ ಅರ್ಧ ಕೆಲಸ ಮಾಡುತ್ತದೆ, ನೀವು ಸುಮ್ನೆ ನಿಂತರೆ ಸಾಕು.

ನಿಜವಾದ ಅಂಕಿಯಲ್ಲಿ ಹೇಳುವುದಾದರೆ ವರ್ಷಕ್ಕೆ ತಲಾ ಅಮೆರಿಕದಲ್ಲಿ 14ರಿಂದ 15 ಟನ್, ಚೀನಾದಲ್ಲಿ 8ರ ಮೇಲೆ, ಜಗತ್ತಿನ ಸರಾಸರಿ 5ಕ್ಕಿಂತ ಸ್ವಲ್ಪ ಕಡಿಮೆ, ಭಾರತದಲ್ಲಿ ಸುಮಾರು 2. ಜನಸಂಖ್ಯೆಯೇ ಕಾರಣ ಅಂದ ಹಿಂದಿನ ಬೆಂಚಿನವನಿಗೆ ಉತ್ತರ ಇಲ್ಲೇ ಸಿಗುತ್ತದೆ. ಹೀಗೆ ತಲೆ ಲೆಕ್ಕದಲ್ಲೇ ನೋಡಬೇಕು ಅಂತ 1991ರಷ್ಟು ಹಿಂದೆಯೇ ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಗಟ್ಟಿಯಾಗಿ ವಾದ ಮಾಡಿದ್ದರು. ಹೊಟ್ಟೆಪಾಡಿನ ಹೊಗೆ ಬೇರೆ, ಐಷಾರಾಮದ ಹೊಗೆ ಬೇರೆ ಅನ್ನುವುದು ಅವರ ಮಾತಿನ ತಿರುಳು.

ನಮ್ಮ ಊರಲ್ಲಿ ಇಲ್ಲೊಂದು ಪ್ರಶ್ನೆ ಖಂಡಿತ ಬರುತ್ತದೆ: "ನಮ್ಮ ಅಪ್ಪ ಕತಾರಿನಲ್ಲಿ ಇರುವುದು, ಅವರು ಯಾವ ಲೆಕ್ಕಕ್ಕೆ?" ಕತಾರಿನ ಲೆಕ್ಕಕ್ಕೆ. ಎಲ್ಲಿ ಸುಡುತ್ತದೋ ಅಲ್ಲಿನ ಲೆಕ್ಕ. ಕತಾರಿನ ತಲಾ ಹೊರಸೂಸುವಿಕೆ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು, 30 ಟನ್ನಿಗಿಂತ ಜಾಸ್ತಿ. ಹಾಗಂತ ಅಲ್ಲಿ ಒಂದೇ ರೂಮಿನಲ್ಲಿ ಆರು ಜನ ಇರುವ ಕೆಲಸಗಾರ ಅಷ್ಟು ಸುಡುತ್ತಾನೆ ಅಂತ ಅರ್ಥ ಅಲ್ಲ. ಗ್ಯಾಸ್ ತೆಗೆಯುವ, ತಣ್ಣಗೆ ಮಾಡಿ ಹಡಗಿಗೆ ತುಂಬುವ ಸ್ಥಾವರಗಳ ಹೊಗೆಯೂ ಅದರಲ್ಲೇ ಸೇರಿದೆ, ಆಮೇಲೆ ಅದನ್ನು ಅಲ್ಲಿರುವ ತಲೆಗಳಿಂದ ಭಾಗಿಸುತ್ತಾರೆ. ಸರಾಸರಿ ಎಂಬುದು ಯಾರನ್ನು ಮುಚ್ಚಿಡುತ್ತದೆ ಅಂತ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕರಾವಳಿಯ ಮಕ್ಕಳಿಗೆ ಬೇಕಾಗಿಲ್ಲ.

ಎಚ್ಚರ: ಇಲ್ಲಿಗೇ ನಿಲ್ಲಿಸಿದರೆ "ನಮ್ಮದು ಎರಡೇ ಟನ್, ನಮಗೆ ಸಂಬಂಧ ಇಲ್ಲ" ಅಂತ ಮಕ್ಕಳು ಎದ್ದುಹೋಗುತ್ತಾರೆ. ಬಹಳ ಟೀಚರುಗಳು ನಿಲ್ಲಿಸುವುದೂ ಇಲ್ಲೇ. ಭಾರತದ ಒಳಗೂ ಸರಾಸರಿಯೇ ಮುಚ್ಚಿಡುತ್ತದೆ ಅಂತ ಒಂದು ಮಾತು ಸೇರಿಸಿ. ಜಗತ್ತಿನ ಅತಿ ಶ್ರೀಮಂತ ಶೇ. 10 ಮಂದಿಯ ಪಾಲು ಒಟ್ಟು ಹೊಗೆಯಲ್ಲಿ ಹತ್ತಿರ ಹತ್ತಿರ ಅರ್ಧ, ಆ ಹತ್ತರೊಳಗೆ ನಮ್ಮ ದೇಶದವರೂ ಇದ್ದಾರೆ.

ಹಂತ 4: ಮೂರನೇ ಲೆಕ್ಕ, ಹಳೆ ಬಾಕಿ

ಕಾರ್ಬನ್ ಡೈಆಕ್ಸೈಡ್ ಬಿಟ್ಟ ವರ್ಷಕ್ಕೇ ಮಾಯವಾಗುವುದಿಲ್ಲ. ಅದರ ಒಂದು ಭಾಗ ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಹಾಗಾಗಿ ಇಂದಿನ ಬಿಸಿಗೆ ಮುತ್ತಜ್ಜನ ಕಾಲದ ಹೊಗೆಯೂ ಕಾರಣ. ಇಷ್ಟು ವರ್ಷ ಬಿಟ್ಟದ್ದನ್ನೆಲ್ಲ ಕೂಡಿಸಿದ ಮೊತ್ತಕ್ಕೆ ಸಂಚಿತ ಹೊರಸೂಸುವಿಕೆ ಅನ್ನುತ್ತಾರೆ.

ಇದನ್ನು ವರಾಂಡದಲ್ಲಿ ಮಾಡಿ. ನೆಲದ ಮೇಲೆ ಒಂದು ಅಡಿಗೆ ಹತ್ತು ವರ್ಷದಂತೆ ಚಾಕಿನ ಗೆರೆ ಎಳೆಯಿರಿ, 1750ರಿಂದ ಇಲ್ಲಿಯವರೆಗೆ ಇಪ್ಪತ್ತೇಳೂವರೆ ಅಡಿ ಆಗುತ್ತದೆ. ಊರಿನ ಗುರುತು ಹಾಕಿಸಿ. 1865, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ. ಅದು ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಉಗಿಯಂತ್ರ ಬಂದು ನೂರು ವರ್ಷದ ಮೇಲಾಗಿತ್ತು. 1947. ಆಮೇಲೆ 1974, ಪಣಂಬೂರಿನ ಬಂದರಿಗೆ ಪ್ರಧಾನ ಬಂದರಿನ ಸ್ಥಾನ ಸಿಕ್ಕ ವರ್ಷ. ಗೆರೆಯ ಎಷ್ಟು ಉದ್ದ ನಾವು ಆಟದಲ್ಲೇ ಇರಲಿಲ್ಲ ಅಂತ ಮಕ್ಕಳು ನಡೆದು ನೋಡಲಿ.

ಈಗ ಮಂಜೊಟ್ಟಿ ಮತ್ತೆ ಒಟ್ಟುಮಾಡಿ ಹೊಸದಾಗಿ ಹಂಚಿ. ಅಮೆರಿಕ 24, ಯುರೋಪ್ ಒಕ್ಕೂಟ 17, ಚೀನಾ 15, ಭಾರತ 4, ಉಳಿದವರು 40. ಬ್ರಿಟನ್, ರಷ್ಯಾ, ಜಪಾನ್ ಎಲ್ಲ ಈ ಉಳಿದವರಲ್ಲಿ ಬರುತ್ತವೆ. ಬಟ್ಟಲಿನ ಮೂರನ್ನೂ ಈ ಸುತ್ತಿಗೆ ಎತ್ತಿಕೊಳ್ಳಿ, ಆಮೇಲೆ ವಾಪಸ್ ಇಡಿ. ಅಮೆರಿಕದ ಇಬ್ಬರು ಮಕ್ಕಳಿಗೆ ತಲಾ ಹನ್ನೆರಡು ಬರುತ್ತದೆ, ಕೈಯಲ್ಲಿ ಹಿಡಿಸುವುದಿಲ್ಲ.

ಇನ್ನೊಂದು ಕೆಲಸ ಉಂಟು. ಅದೇ ಗೆರೆಯಲ್ಲಿ 1990ಕ್ಕೆ ಅಡ್ಡ ಗೀಟು ಹಾಕಿ. ಹಿಂದೆ ಇಪ್ಪತ್ತನಾಲ್ಕು ಅಡಿ, ಮುಂದೆ ಮೂರೂವರೆ ಅಡಿ. ಇಂಧನ ಸುಟ್ಟು ಮನುಷ್ಯರು ಇದುವರೆಗೆ ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮೂರೂವರೆ ಅಡಿಯಲ್ಲೇ ಬಿದ್ದದ್ದು. "ಎಲ್ಲ ಬ್ರಿಟಿಷರ ಕಾಲದ್ದು" ಅನ್ನುವ ವಾದ ಇಲ್ಲಿ ಸ್ವಲ್ಪ ಅಲುಗಾಡುತ್ತದೆ, ಅಲುಗಾಡಲೇಬೇಕು. ಚೀನಾದ ಹಳೆ ಬಾಕಿ ಯುರೋಪಿನದ್ದರ ಹತ್ತಿರ ಬಂದಾಗಿದೆ.

ಹಂತ 5: ನಾಲ್ಕನೇ ಲೆಕ್ಕ, ಮಾಡಿದವನದ್ದೋ ಕೊಂಡವನದ್ದೋ

ನನಗೆ ಇಡೀ ಪಾಠದಲ್ಲಿ ಇಷ್ಟದ ಹಂತ ಇದು, ಯಾಕೆಂದರೆ ಉದಾಹರಣೆಗೆ ಊರು ಬಿಟ್ಟು ಹೋಗಬೇಕಾಗಿಲ್ಲ.

ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಉಂಟು. ಕಲ್ಲಿದ್ದಲು ವಿದೇಶದ್ದು, ಪಣಂಬೂರು ಬಂದರಿಗೆ ಬಂದು ರೈಲಿನಲ್ಲಿ ಹೋಗುತ್ತದೆ. ಅಗೆದದ್ದು ಹೊರಗೆ, ಸುಟ್ಟದ್ದು ಇಲ್ಲಿ, ಲೆಕ್ಕ ಭಾರತದ್ದು. ಇನ್ನು ಗೇರುಬೀಜ. ಆಫ್ರಿಕಾದಿಂದ ಕಚ್ಚಾ ಬೀಜ ಬರುತ್ತದೆ, ಮಂಗಳೂರು, ಕಾರ್ಕಳ, ಕುಂದಾಪುರದ ಕಾರ್ಖಾನೆಗಳಲ್ಲಿ ಬೇಯಿಸಿ ಸಿಪ್ಪೆ ತೆಗೆಯುತ್ತಾರೆ, ತಿರುಳಿನಲ್ಲಿ ಒಂದಷ್ಟು ಹೊರದೇಶಕ್ಕೆ ಹೋಗುತ್ತದೆ. ಕಾರ್ಖಾನೆಯ ಕರೆಂಟಿನ ಹೊಗೆ ನಮ್ಮದು, ತಿಂದವರು ಬೇರೆಯವರು. ಮಲ್ಪೆಯ ಮೀನಿನ ಕತೆಯೂ ಹೀಗೆಯೇ. ಬೋಟಿನ ಡೀಸೆಲ್ ಯಾರ ಲೆಕ್ಕಕ್ಕೆ ಅಂತ ಕೇಳಿ, ಬೋಟಿಗೆ ಹೋಗುವವರ ಮನೆಯ ಮಕ್ಕಳೇ ಚೆನ್ನಾಗಿ ಉತ್ತರ ಹೇಳುತ್ತಾರೆ.

ಬಳಸಿದವರ ಹೆಸರಿಗೆ ಬರೆಯುವ ಈ ಲೆಕ್ಕಕ್ಕೆ ಬಳಕೆ ಆಧಾರಿತ ಲೆಕ್ಕ ಅಂತ ಹೆಸರು. ಹೀಗೆ ಬರೆದರೆ ಚೀನಾ, ಭಾರತದ ಪಾಲು ಸ್ವಲ್ಪ ಇಳಿಯುತ್ತದೆ, ಅಮೆರಿಕ, ಯುರೋಪಿನದ್ದು ಏರುತ್ತದೆ. ದೇಶಗಳು ವಿಶ್ವಸಂಸ್ಥೆಗೆ ಕೊಡುವ ಅಧಿಕೃತ ಲೆಕ್ಕ ಮಾತ್ರ ಇದಲ್ಲ, ಎಲ್ಲಿ ಸುಟ್ಟಿತೋ ಅಲ್ಲಿನದ್ದೇ.

ಈಗ ಬಟ್ಟಲು ಎತ್ತಿ. ಬಜಪೆಯಿಂದ ದುಬೈಗೆ ಹಾರುವ ವಿಮಾನದ ಹೊಗೆ ಯಾರದ್ದು? ಪಣಂಬೂರಿನಿಂದ ಹೊರಟು ಸಮುದ್ರದ ನಡುವೆ ಇರುವ ಹಡಗಿನದ್ದು? ಯಾವ ದೇಶದ ಒಟ್ಟು ಲೆಕ್ಕದಲ್ಲೂ ಅದು ಸೇರುವುದಿಲ್ಲ, ಬೇರೆಯೇ ಬರೆದಿಡುತ್ತಾರೆ. ಆ ಮೂರು ಮಂಜೊಟ್ಟಿ ಇದೇ.

ಹಂತ 6: ಮನೆಯ ಬಿಲ್

ದೇಶಗಳನ್ನು ನೋಡಿದ ಮೇಲೆಯೇ ಮನೆಗೆ ಬನ್ನಿ, ಮೊದಲೇ ಬರಬೇಡಿ. ಮೊದಲು ಮನೆ ಅಂತ ಶುರುಮಾಡಿದರೆ ಪಾಠ "ಫ್ಯಾನ್ ಆಫ್ ಮಾಡಿ ಮಕ್ಕಳೇ" ಎಂಬಲ್ಲಿಗೆ ಮುಗಿದುಹೋಗುತ್ತದೆ.

ಲೆಕ್ಕದ ದರ ಇದು. ಕರೆಂಟ್ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ (ದೇಶದ ಇಡೀ ಗ್ರಿಡ್‌ನ ಸರಾಸರಿ), ಪೆಟ್ರೋಲ್ ಲೀಟರಿಗೆ 2.3 ಕೆಜಿ, ಡೀಸೆಲ್ 2.7 ಕೆಜಿ, ಗ್ಯಾಸ್ ಸಿಲಿಂಡರ್ ಒಂದಕ್ಕೆ ಸುಮಾರು 42 ಕೆಜಿ. ಒಂದು ಮನೆ ತಗೊಳ್ಳಿ. ತಿಂಗಳಿಗೆ 110 ಯೂನಿಟ್ ಕರೆಂಟ್ ಅಂದರೆ 77 ಕೆಜಿ. ಸ್ಕೂಟರಿಗೆ 12 ಲೀಟರ್ ಪೆಟ್ರೋಲ್, 28 ಕೆಜಿ. ಸಿಲಿಂಡರ್ ಒಂದೂವರೆ ತಿಂಗಳು ಬಂದರೆ ತಿಂಗಳಿಗೆ 28 ಕೆಜಿ. ಒಟ್ಟು 133. ನಾಲ್ಕು ಜನರ ಮನೆಯಾದರೆ ತಲಾ 33 ಕೆಜಿ, ವರ್ಷಕ್ಕೆ 400 ಕೆಜಿ.

ಭಾರತದ ಸರಾಸರಿ 2 ಟನ್ ಅಂದೆವು. ಮನೆಯದ್ದು 0.4 ಟನ್. ಉಳಿದ 1.6 ಎಲ್ಲಿ? ಇದನ್ನು ಮಕ್ಕಳಿಂದಲೇ ಹುಡುಕಿಸಿ. ಸಿಮೆಂಟ್, ಸ್ಟೀಲ್, ಗೊಬ್ಬರ, ಲಾರಿ, ಹೆದ್ದಾರಿಯ ಡಾಂಬರು, ಆಫೀಸಿನ ಎಸಿ, ಮಾಲ್‌ನ ಲೈಟು. ಮನೆಯ ಸ್ವಿಚ್ಚಿನಿಂದ ಕೈಗೆ ಸಿಗದ ಭಾಗ ಅದು, ಸರ್ಕಾರ, ಕಂಪನಿಗಳು ತೀರ್ಮಾನ ಮಾಡುವಂಥದ್ದು. ಅಂದ ಹಾಗೆ "ಕಾರ್ಬನ್ ಫುಟ್‌ಪ್ರಿಂಟ್", ಅಂದರೆ ಒಬ್ಬೊಬ್ಬರ ಇಂಗಾಲದ ಲೆಕ್ಕ, ಮನೆಮಾತಾಗಲು 2000ರ ದಶಕದಲ್ಲಿ ಬಿಪಿ ಎಂಬ ತೈಲ ಕಂಪನಿ ಮಾಡಿದ ಜಾಹೀರಾತುಗಳ ಪಾಲು ದೊಡ್ಡದು. ಹತ್ತನೇ ಕ್ಲಾಸಿನವರಿಗೆ ಇದನ್ನು ಹೇಳಿ, ಯಾಕಿರಬಹುದು ಅಂತ ಕೇಳಿ.

ಎಡವುವ ಜಾಗಗಳು ಇಲ್ಲಿ ಜಾಸ್ತಿ. ಗೃಹಜ್ಯೋತಿ ಇರುವ ಮನೆಯ ಮಕ್ಕಳು "ನಮ್ಮದು ಸೊನ್ನೆ ಬಿಲ್" ಅನ್ನುತ್ತಾರೆ, ಸೊನ್ನೆ ಇರುವುದು ರೂಪಾಯಿ, ಯೂನಿಟ್ ಅಲ್ಲ, ಬಿಲ್‌ನಲ್ಲಿ ಆ ಸಾಲನ್ನು ತೋರಿಸಿಕೊಡಿ. ಬಚ್ಚಲೊಲೆಗೆ ಮಡಲು, ಗೆರಟೆ ಹಾಕುವುದನ್ನು ಸೇರಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಆ ಇಂಗಾಲವನ್ನು ಮರ ಗಾಳಿಯಿಂದಲೇ ತೆಗೆದುಕೊಂಡದ್ದು, ಮರ ಮತ್ತೆ ಬೆಳೆದರೆ ವಾಪಸ್ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮನೆಯ ಅಂಕಿಯನ್ನು ಗಟ್ಟಿಯಾಗಿ ಓದಿಸಲೇಬೇಡಿ. ಎರಡು ಕಾರು, ಮೂರು ಎಸಿ ಇರುವ ಮನೆಯ ಮಗುವೂ ತಗಡಿನ ಮಾಡಿನ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಇರುತ್ತಾರೆ, ಇಬ್ಬರಿಗೂ ಮುಜುಗರ. ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಡಬ್ಬಕ್ಕೆ ಹಾಕಿಸಿ. ಅತಿ ಹೆಚ್ಚಿನದ್ದು, ಅತಿ ಕಡಿಮೆಯದ್ದು ಮಾತ್ರ ಬೋರ್ಡಿಗೆ ಬರಲಿ. ಅಮೆರಿಕ-ಭಾರತದ ನಡುವಿನ ಅಂತರ ನಮ್ಮ ಕ್ಲಾಸಿನಲ್ಲೂ ಉಂಟಲ್ಲ ಅಂತ ಅವರೇ ಹೇಳುತ್ತಾರೆ.

ಹಂತ 7: ಈಗ ವಾದ

ಕೊನೆಯ ಪೀರಿಯಡ್ ಪೂರ್ತಿ ಇದಕ್ಕೆ. ಆರು ಗುಂಪು: ಅಮೆರಿಕ, ಯುರೋಪ್, ಚೀನಾ, ಭಾರತ, ಸೌದಿ ಅರೇಬಿಯ, ಮಾಲ್ಡೀವ್ಸ್. ಪ್ರಶ್ನೆ ಒಂದೇ: ಹಣ ಯಾರು ಕೊಡಬೇಕು, ಯಾವ ಲೆಕ್ಕದ ಮೇಲೆ? ಪ್ರತಿ ಗುಂಪೂ ತನಗೆ ಲಾಭ ಇರುವ ಲೆಕ್ಕವನ್ನೇ ಎತ್ತಿಕೊಳ್ಳುತ್ತದೆ ನೋಡಿ. ನಿಜವಾದ ಸಮ್ಮೇಳನದಲ್ಲಿ ನಡೆಯುವುದೂ ಅದೇ.

ವಾದಕ್ಕೆ ಮೊದಲು ಐದು ನಿಮಿಷ ಇಷ್ಟು ಹೇಳಿಕೊಡಿ. 1992ರಲ್ಲಿ ರಿಯೋದಲ್ಲಿ ದೇಶಗಳು ಒಪ್ಪಿದ್ದು, ಹೊಣೆ ಎಲ್ಲರಿಗೂ ಉಂಟು ಆದರೆ ಒಂದೇ ಅಳತೆಯದ್ದಲ್ಲ ಅಂತ. 1997ರ ಕ್ಯೋಟೋ ಒಪ್ಪಂದ ಶ್ರೀಮಂತ ದೇಶಗಳಿಗೆ ಮಾತ್ರ ಕಡಿತದ ಗುರಿ ಹಾಕಿತು, ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ. 2015ರ ಪ್ಯಾರಿಸ್‌ನಲ್ಲಿ ಪ್ರತಿ ದೇಶವೂ ತನ್ನ ಗುರಿ ತಾನೇ ಹೇಳಬೇಕು ಅಂತಾಯಿತು. 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ 2070ಕ್ಕೆ ನೆಟ್ ಝೀರೋ ಅಂದಿತು, ಅಂದರೆ ಬಿಟ್ಟಷ್ಟನ್ನು ವಾಪಸ್ ಹೀರಿಕೊಳ್ಳುವ ಸ್ಥಿತಿ. ಚೀನಾ 2060 ಅಂದಿದೆ, ಯುರೋಪ್ 2050. ಹಣದ ವಿಷಯ: ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ, 2020ರೊಳಗೆ, ಅಂತ ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟವು, ಅದು ಮುಟ್ಟಿದ್ದು 2022ರಲ್ಲಿ. ಅದೇ 2022ರಲ್ಲಿ ಈಜಿಪ್ಟಿನಲ್ಲಿ ನಷ್ಟ-ಹಾನಿ ನಿಧಿಗೆ ಒಪ್ಪಿಗೆ ಸಿಕ್ಕಿತು. ಹವಾಮಾನದಿಂದ ಈಗಾಗಲೇ ಆದ ಹಾನಿಗೆ ಬಡ ದೇಶಗಳಿಗೆ ನೆರವು ಕೊಡುವ ನಿಧಿ ಅದು.

ಮಾಲ್ಡೀವ್ಸ್ ದೂರ ಅನಿಸಿದರೆ ಮಂಗಳೂರು ಹಳೆ ಬಂದರಿನ ಮಂಜಿಗಳನ್ನು, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಗಳನ್ನು, ನೆನಪಿಸಿ. ಅಕ್ಕಿ, ತರಕಾರಿ, ಜಲ್ಲಿ ಹೇರಿಕೊಂಡು ಅವು ಹೋಗುವುದು ಲಕ್ಷದ್ವೀಪಕ್ಕೆ. ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರದ ಹವಳದ ದ್ವೀಪಗಳು ಅವೂ.

ಎಚ್ಚರ: ವಾದದ ಬಿಸಿಯಲ್ಲಿ ಯಾರಾದರೂ ಉಳ್ಳಾಲ, ಸೋಮೇಶ್ವರ, ಮರವಂತೆಯ ಕಡಲ್ಕೊರೆತವನ್ನು ಪೂರ್ತಿ ಅಮೆರಿಕದ ತಲೆಗೆ ಕಟ್ಟುತ್ತಾರೆ. ಕಡಲ್ಕೊರೆತಕ್ಕೆ ಅಳಿವೆ ಬಾಗಿಲಿನ ತಡೆಗೋಡೆ, ಮರಳು ತೆಗೆಯುವುದು ಇವೆಲ್ಲ ಸ್ಥಳೀಯ ಕಾರಣಗಳೂ ಇವೆ. ಸಮುದ್ರ ಏರುತ್ತಿರುವುದು ನಿಜ, ಆದರೆ ಎಲ್ಲವನ್ನೂ ಅದರ ಮೇಲೆ ಹಾಕಿದರೆ ನಮ್ಮೂರಿನವರು ತಪ್ಪಿಸಿಕೊಳ್ಳುತ್ತಾರೆ. ಹಾಗೆಯೇ "ಗಿಡ ನೆಟ್ಟರೆ ಆಯ್ತಲ್ಲ" ಎಂಬ ಉತ್ತರ ಬಂದರೆ ಲೆಕ್ಕಕ್ಕೇ ಕಳಿಸಿ. ಒಂದು ಗಿಡ ಹೀರುವುದು ವರ್ಷಕ್ಕೆ ಕೆಜಿಗಳಲ್ಲಿ, ಸುಡುತ್ತಿರುವುದು ಟನ್ನುಗಳಲ್ಲಿ.

ಅಂಕ ಕೊಡುವುದು

"ಹೊಣೆ ಯಾರದ್ದು" ಅಂತ ಪ್ರಬಂಧ ಕೊಡಬೇಡಿ, ನಲವತ್ತು ಜನ ಒಂದೇ ಥರ ಬರೆದು ಕೊಡುತ್ತಾರೆ. ಬದಲಿಗೆ ಒಂದು ಪುಟ ಸಾಕು: ನಾಲ್ಕರಲ್ಲಿ ಯಾವ ಲೆಕ್ಕ ನಿನಗೆ ನ್ಯಾಯ ಅನಿಸಿತು, ಆ ಲೆಕ್ಕದಿಂದ ಯಾರಿಗೆ ಅನ್ಯಾಯ ಆಗಬಹುದು? ಹತ್ತರಲ್ಲಿ ಮೊದಲ ಭಾಗಕ್ಕೆ ನಾಲ್ಕು, ಎರಡನೆಯದಕ್ಕೆ ಆರು ಅಂಕ ಇಡಿ. ಇದನ್ನು ಮೊದಲೇ ಬೋರ್ಡಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಎರಡನೆಯ ಭಾಗ ಯಾರೂ ಬರೆಯುವುದಿಲ್ಲ.